ಯುದ್ಧದ ಲೆಕ್ಕ, ಉಗ್ರಾಣದ ಲೆಕ್ಕ



ಗಂಡಸರು ಊಟಕ್ಕೆ ಕೂತು ಯುದ್ಧದ ಮಾತು ತೆಗೆದರೆಂದರೆ ತಟ್ಟೆಯ ಸಾರು ಆರಿದ್ದೂ ಅವರಿಗೆ ಗೊತ್ತಾಗುವುದಿಲ್ಲ. ರಷ್ಯದ ಹತ್ತಿರ ಎಷ್ಟು ಟ್ಯಾಂಕಿದೆ, ಅಮೆರಿಕ ಎಷ್ಟು ಸಾವಿರ ಕೋಟಿ ಸುರಿಯಿತು ಅಂತ ಬಾಯಲ್ಲೇ ಲೆಕ್ಕ. ನಡುವೆ ನಾವೊಂದು ಮಾತು ಆಡಹೋದರೆ, "ನಿನಗೆ ಅದೆಲ್ಲಾ ತಿಳಿಯೋಲ್ಲ, ಮಜ್ಜಿಗೆ ತಾ" ಎನ್ನುವವರೇ ಹೆಚ್ಚು. ತಿಳಿಯದೆ ಏನು? ತಿಂಗಳ ಸಾಮಾನು, ಹಾಲಿನವನ ಬಾಕಿ, ಚೀಟಿಯ ಕಂತು, ನಾದಿನಿಯ ಸೀಮಂತದ ಖರ್ಚು, ಇಷ್ಟನ್ನೂ ಒಂದೇ ಸಂಬಳದಲ್ಲಿ ಸರಿದೂಗಿಸುವ ನಮಗೆ ಈ ಲೆಕ್ಕವೇನೂ ಹೊಸದಲ್ಲ.

ಓದುಗ ಸೋದರಿಯೊಬ್ಬರು ಎರಡು ಪ್ರಶ್ನೆ ಕೇಳಿ ಪತ್ರ ಬರೆದಿದ್ದಾರೆ. "ರಷ್ಯ ಅಷ್ಟು ಬಲಶಾಲಿಯಾಗಿದ್ದರೆ ಉಕ್ರೇನಿನಂಥ ದೇಶ ವರ್ಷಗಟ್ಟಲೆ ಅದರೆದುರು ಹೇಗೆ ನಿಂತಿತು? ಬೇರೆ ದೇಶಗಳ ನೆರವಿನಿಂದ ನಿಂತಿತು ಅನ್ನುವುದಾದರೆ, ಹಾಗೆ ಕೊಡುವುದು ಪುಣ್ಯವೋ, ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೋ?" ಈ ಸಂಚಿಕೆಯಲ್ಲಿ ಅದನ್ನೇ ಮಾತಾಡೋಣ.

ದೂರದ ದೇಶದ ಗೊಡವೆ ನಮಗೇಕೆ ಎನ್ನಬೇಡಿ. 2022ರಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏಕಾಏಕಿ ಏರಿ, ಹಪ್ಪಳ ಕರಿಯುವುದಕ್ಕೂ ಹಿಂದೆಮುಂದೆ ನೋಡುವಂತಾದದ್ದು ನೆನಪಿದೆಯಷ್ಟೆ? ನಮ್ಮ ದೇಶ ಹೊರಗಿನಿಂದ ತರಿಸುತ್ತಿದ್ದ ಆ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್ ಮತ್ತು ರಷ್ಯದ್ದೇ. ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ಕರ್ನಾಟಕದ ಹುಡುಗನೊಬ್ಬ ಯುದ್ಧದ ಮೊದಲ ವಾರದಲ್ಲೇ ದಾಳಿಗೆ ಸಿಕ್ಕಿ ತೀರಿಕೊಂಡದ್ದನ್ನೂ ಯಾವ ತಾಯಿ ಮರೆತಾಳು?

ಉಗ್ರಾಣ ತುಂಬಿದ್ದರೆ ಸಾಲದು

ಮೊದಲು ಬಲದ ಮಾತು. ರಷ್ಯ 2014ರಲ್ಲೇ ಉಕ್ರೇನಿನ ಕ್ರಿಮಿಯವನ್ನು ವಶಪಡಿಸಿಕೊಂಡಿತ್ತು. 2022ರ ಫೆಬ್ರವರಿ 24ರಂದು ಇಡೀ ದೇಶದ ಮೇಲೆ ಏರಿಹೋಯಿತು. ರಷ್ಯದ ಜನ 14 ಕೋಟಿಗೂ ಮಿಕ್ಕಿ, ಉಕ್ರೇನಿನವರು 4 ಕೋಟಿ ಚಿಲ್ಲರೆ. ವಿಮಾನ, ಟ್ಯಾಂಕು, ಹಡಗು ಯಾವುದನ್ನು ಎಣಿಸಿದರೂ ರಷ್ಯದ ಪಾಲೇ ಹೆಚ್ಚು. ರಾಜಧಾನಿ ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ಹೇಳಿಬಿಟ್ಟಿದ್ದರು.

ಆದದ್ದೇನು? ಕೀವ್ ಕಡೆಗೆ ಹೊರಟ ಸೇನಾವಾಹನಗಳ ಸಾಲು ಸುಮಾರು 60 ಕಿಲೋಮೀಟರ್ ಉದ್ದವಿತ್ತು. ಅದು ನಡುದಾರಿಯಲ್ಲೇ ನಿಂತುಹೋಯಿತು. ಡೀಸೆಲ್ ಮುಗಿದಿತ್ತು, ಸಿಪಾಯಿಗಳಿಗೆ ಊಟ ಸರಿಯಾಗಿ ತಲುಪುತ್ತಿರಲಿಲ್ಲ, ರಸ್ತೆ ಬಿಟ್ಟಿಳಿದರೆ ಕೆಸರು. ಮೇಲಿಂದ ಉಕ್ರೇನಿನವರು ಹೊಂಚುಹಾಕಿ ಹೊಡೆದರು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯದ ಸೈನ್ಯ ಕೀವ್ ಸುತ್ತಮುತ್ತಲಿಂದ ಹಿಂದಕ್ಕೆ ಹೋಯಿತು.

ಮದುವೆ ಮನೆಯಲ್ಲಿ ನಿಂತು ದುಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಉಗ್ರಾಣದಲ್ಲಿ ಹತ್ತು ಮೂಟೆ ಅಕ್ಕಿ ಇದೆ ಅಂತ ಬೀಗರ ಮುಂದೆ ಹೇಳಿಕೊಳ್ಳಬಹುದು. ಸೌದೆ ಹಸಿಯಾಗಿದ್ದರೆ, ಬಡಿಸುವವರು ಎರಡೇ ಜನ ಇದ್ದರೆ, ಪಂಕ್ತಿಯಲ್ಲಿ ಕೂತವರ ಎಲೆಗೆ ಅನ್ನ ಬೀಳುತ್ತದೆಯೇ? ಸೇನಾಬಲವೂ ಹಾಗೆಯೇ. ಕೊಟ್ಟಿಗೆಯಲ್ಲಿರುವ ಟ್ಯಾಂಕಿನ ಲೆಕ್ಕ ಒಂದು, ಗಡಿಯಲ್ಲಿ ನಿಂತವನ ಕೈಗೆ ದಿನದಿನಕ್ಕೂ ಬಂದು ಸೇರುವ ಗುಂಡು, ರೊಟ್ಟಿ, ಎಣ್ಣೆಯ ಲೆಕ್ಕವೇ ಇನ್ನೊಂದು.

ಬೆಲೆಯ ವಿಷಯವನ್ನೂ ನೋಡಿ. ಕಪ್ಪು ಸಮುದ್ರದ ರಷ್ಯನ್ ನೌಕಾಪಡೆಯ ಮುಖ್ಯ ಹಡಗು 'ಮಾಸ್ಕ್ವಾ' 2022ರ ಏಪ್ರಿಲ್ 14ರಂದು ಮುಳುಗಿತು. ಮುಳುಗಿಸಿದ್ದು ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಉಕ್ರೇನ್, ದಡದಿಂದ ಬಿಟ್ಟ ಕ್ಷಿಪಣಿಗಳಿಂದ. ಮೂವತ್ತು ನಲವತ್ತು ಸಾವಿರ ರೂಪಾಯಿಯ ಪುಟ್ಟ ಡ್ರೋನು ಹತ್ತಾರು ಕೋಟಿಯ ಟ್ಯಾಂಕನ್ನು ಸುಡಬಲ್ಲದು. ತಡೆಯುವ ಕೆಲಸ ಮಾತ್ರ ಬಲು ದುಬಾರಿ. ಆಕಾಶದಲ್ಲೇ ಕ್ಷಿಪಣಿಯನ್ನು ಹೊಡೆಯುವ ಅಮೆರಿಕದ ಪೇಟ್ರಿಯಟ್ ಒಂದಕ್ಕೆ ಸುಮಾರು 40 ಲಕ್ಷ ಡಾಲರ್. ಒಡೆಯುವವನಿಗೆ ಒಂದು ಕಲ್ಲು ಸಾಕು, ಕಾಯುವವನಿಗೆ ಊರೆಲ್ಲಾ ಗೋಡೆ ಬೇಕು.

ಹಾಗಂತ ಆನೆ ಕೆಸರಲ್ಲಿ ಸಿಕ್ಕಿದ ಮಾತ್ರಕ್ಕೆ ಇಲಿಯಾಗುವುದಿಲ್ಲ. ರಷ್ಯ ತನ್ನ ಕಾರ್ಖಾನೆಗಳನ್ನೆಲ್ಲಾ ಯುದ್ಧದ ಕೆಲಸಕ್ಕೆ ತಿರುಗಿಸಿತು. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಅದರ ಸೇನಾವೆಚ್ಚ ಸುಮಾರು 14,900 ಕೋಟಿ ಡಾಲರ್. ಅಂದರೆ ದೇಶದ ವರ್ಷದ ಉತ್ಪನ್ನದಲ್ಲಿ ನೂರಕ್ಕೆ ಏಳು ಪಾಲು. ಉಕ್ರೇನಿನ ವೆಚ್ಚ ಅದರ ಅರ್ಧಕ್ಕಿಂತ ಕಡಿಮೆ, ಸುಮಾರು 6,470 ಕೋಟಿ ಡಾಲರ್. ಆದರೆ ಆ ಬಡದೇಶದ ಉತ್ಪನ್ನದಲ್ಲಿ ಅದು ನೂರಕ್ಕೆ 34 ಪಾಲು! ನೂರು ರೂಪಾಯಿ ದುಡಿಯುವ ಮನೆ ಕಾವಲುಗಾರನಿಗೇ 34 ರೂಪಾಯಿ ಕೊಟ್ಟರೆ ಮಕ್ಕಳ ಶಾಲೆ, ಮುದುಕರ ಔಷಧಿ, ಸೋರುವ ಸೂರು ಇವಕ್ಕೆ ಉಳಿಯುವುದೆಷ್ಟು, ನೀವೇ ಹೇಳಿ.

ನೆರವು ಪಡೆದದ್ದು ಉಕ್ರೇನ್ ಒಂದೇ ಅಲ್ಲ ಎಂಬುದನ್ನು ನಮ್ಮವರು ಮರೆತೇಬಿಡುತ್ತಾರೆ. ಇರಾನಿನಿಂದ ಡ್ರೋನು, ಉತ್ತರ ಕೊರಿಯದಿಂದ ಗುಂಡುಗಳು, 2024ರ ಕೊನೆಗೆ ಸೈನಿಕರೂ ರಷ್ಯಕ್ಕೆ ಬಂದರು. ಜನ ಸಾಲದೆ ಜೈಲಿನ ಕೈದಿಗಳನ್ನೂ ಯುದ್ಧಕ್ಕೆ ಕಳಿಸಿತು. ಕಾವಲು ಕೆಲಸ, ಸಹಾಯಕನ ಕೆಲಸ ಅಂತ ಏಜೆಂಟರು ನಂಬಿಸಿ ಕರೆದೊಯ್ದ ಭಾರತದ ಹುಡುಗರು ಅಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಕಲಬುರಗಿ ಕಡೆಯವರೂ ಇದ್ದರು. ಮನೆಯಲ್ಲಿ ಕೆಲಸ ಹುಡುಕುವ ಮಗನಿದ್ದರೆ ಇದನ್ನು ಅವನ ಕಿವಿಗೆ ಹಾಕಿಡಿ.

ನೆರವೆಂದರೆ ನೋಟಿನ ಕಂತೆಯಲ್ಲ

ಇನ್ನು ನೆರವು. 2022ರಿಂದ 2024ರ ಏಪ್ರಿಲ್‌ವರೆಗೆ ಅಮೆರಿಕದ ಸಂಸತ್ತು ಐದು ಮಸೂದೆಗಳಲ್ಲಿ ಸುಮಾರು 17,500 ಕೋಟಿ ಡಾಲರ್ ಮಂಜೂರು ಮಾಡಿತು. ಇದನ್ನು ಕೇಳಿದವರು ವಿಮಾನದಲ್ಲಿ ನೋಟು ತುಂಬಿ ಕಳಿಸಿದರೇನೋ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದರಲ್ಲಿ ಒಂದು ಪಾಲು ಅಮೆರಿಕದ ಉಗ್ರಾಣದಲ್ಲಿದ್ದ ಹಳೆಯ ಶಸ್ತ್ರಗಳು. ಖಾಲಿಯಾದ ಜಾಗ ತುಂಬಲು ಹೊಸದನ್ನು ತಯಾರಿಸಿದ್ದು ಅವರದೇ ಕಾರ್ಖಾನೆಗಳು, ಕೂಲಿ ಸಿಕ್ಕಿದ್ದು ಅವರದೇ ಜನಕ್ಕೆ. ಪೆನ್ಸಿಲ್ವೇನಿಯದ ಸ್ಕ್ರಾಂಟನ್ ಊರಿನ ಹಳೆಯ ಕಾರ್ಖಾನೆ ಫಿರಂಗಿ ಗುಂಡಿನ ಕವಚ ಮಾಡುವುದರಲ್ಲಿ ಹಗಲಿರುಳು ದುಡಿಯಿತು. ಇನ್ನೊಂದು ಪಾಲು ಉಕ್ರೇನ್ ಸರ್ಕಾರ ಮೇಷ್ಟರ, ದಾದಿಯರ ಸಂಬಳ, ಪಿಂಚಣಿ ಕೊಡಲು. ಮತ್ತೊಂದು ಪಾಲು ಯುರೋಪಿನಲ್ಲಿರುವ ಅಮೆರಿಕದ ಸ್ವಂತ ಸೈನ್ಯಕ್ಕೆ.

ಯುರೋಪಿನ ದೇಶಗಳದ್ದು ಬೇರೆ ರೀತಿ. 2024ರ ಫೆಬ್ರವರಿ 1ರಂದು ಐರೋಪ್ಯ ಒಕ್ಕೂಟ 5,000 ಕೋಟಿ ಯೂರೋ ಕೊಡಲು ಒಪ್ಪಿತು. ಅದರಲ್ಲಿ 3,300 ಕೋಟಿ ಸಾಲವೇ! ಕೈಯೆತ್ತಿ ಕೊಟ್ಟದ್ದು ಉಳಿದ 1,700 ಕೋಟಿ ಮಾತ್ರ. ಎಸ್ಟೋನಿಯ, ಡೆನ್ಮಾರ್ಕಿನಂಥ ಚಿಕ್ಕ ದೇಶಗಳು ತಮ್ಮ ಗಳಿಕೆಗೆ ಹೋಲಿಸಿದರೆ ಅಮೆರಿಕಕ್ಕಿಂತ ದೊಡ್ಡ ಪಾಲು ಕೊಟ್ಟಿವೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ಇಲ್ಲೊಂದು ಹಳೆಯ ಕಥೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿಗೆ ನೆರವು ಕೊಡಬೇಕೋ ಬೇಡವೋ ಎಂದು ಅಮೆರಿಕದಲ್ಲಿ ಇದೇ ಜಗಳ ನಡೆದಿತ್ತು. 1940ರ ಡಿಸೆಂಬರಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಜನಕ್ಕೆ ಅದನ್ನು ತೋಟಕ್ಕೆ ನೀರು ಹಾಯಿಸುವ ಕೊಳವೆಯ ಹೋಲಿಕೆ ಕೊಟ್ಟು ವಿವರಿಸಿದರು. ನೆರೆಮನೆಗೆ ಬೆಂಕಿ ಬಿದ್ದಾಗ ಕೊಳವೆಯ ದುಡ್ಡು ಮೊದಲು ಎಣಿಸು ಅನ್ನುವವರುಂಟೇ, ಬೆಂಕಿ ಆರಿದ ಮೇಲೆ ಕೊಳವೆ ವಾಪಸು ಕೊಟ್ಟರಾಯಿತು ಎಂಬುದು ಅವರ ವಾದ. 1941ರ ಮಾರ್ಚಿನಲ್ಲಿ ಕಾನೂನಾಯಿತು. ಆ ಕಾನೂನಿನಡಿ ನೆರವು ಪಡೆದವರಲ್ಲಿ ಸೋವಿಯತ್ ರಷ್ಯವೂ ಒಂದು! ಸುಮಾರು 4 ಲಕ್ಷ ಜೀಪು, ಟ್ರಕ್ಕುಗಳಲ್ಲದೆ, ಒಂದೂವರೆ ಕೋಟಿ ಜೊತೆ ಬೂಟು, 15 ಲಕ್ಷ ಕಂಬಳಿ, 45 ಲಕ್ಷ ಟನ್ ಆಹಾರ ಪದಾರ್ಥ ಅಮೆರಿಕದಿಂದ ಹೋದವು. ಹಿಟ್ಲರನನ್ನು ಸೋಲಿಸಲು ಹೋರಾಡಿ ಸತ್ತವರು ಆ ನೆಲದ ಮಕ್ಕಳು, ಅದರಲ್ಲಿ ಸಂಶಯವಿಲ್ಲ. ಅವರ ಕಾಲಿಗೆ ಬೂಟು ಮಾತ್ರ ಸಮುದ್ರದಾಚೆಯಿಂದ ಬಂತು. ಅಂದು ಆ ಸೇನೆಯಲ್ಲಿ ರಷ್ಯನ್ನರೂ ಉಕ್ರೇನಿನವರೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು ಎಂದು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಹೊತ್ತು ಮೀರಿದ ಮೇಲೆ

ನೆರವಿನಲ್ಲಿ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ದೊಡ್ಡದು ಎಂದು ನನಗನ್ನಿಸುತ್ತದೆ. 2023ರ ಕೊನೆಗೆ ಅಮೆರಿಕದ ಸಂಸತ್ತಿನಲ್ಲಿ ಪಕ್ಷಗಳ ಜಗಳ ಹತ್ತಿ ಸುಮಾರು 6,100 ಕೋಟಿ ಡಾಲರಿನ ನೆರವು ತಿಂಗಳುಗಟ್ಟಲೆ ನಿಂತಿತು. 10 ಲಕ್ಷ ಫಿರಂಗಿ ಗುಂಡು ಕೊಡುತ್ತೇವೆಂದು 2023ರ ಮಾರ್ಚಿನಲ್ಲಿ ಮಾತು ಕೊಟ್ಟ ಯುರೋಪು, ವರ್ಷ ತುಂಬಿದಾಗ ಕೊಟ್ಟದ್ದು ಹೆಚ್ಚುಕಡಿಮೆ ಅರ್ಧ. ಗುಂಡಿಗೆ ಬರ ಬಂತು. 2024ರ ಫೆಬ್ರವರಿ 17ರಂದು ಉಕ್ರೇನಿನ ಸೈನ್ಯ ಅವ್ದೀವ್ಕಾ ಪಟ್ಟಣ ಬಿಟ್ಟು ಹಿಂದೆ ಸರಿಯಬೇಕಾಯಿತು. ಅಮೆರಿಕದಲ್ಲಿ ಮಸೂದೆಗೆ ಸಹಿ ಬಿದ್ದದ್ದು ಏಪ್ರಿಲ್ 24ಕ್ಕೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುವುದು ಇದಕ್ಕೇ.

ಜ್ವರಕ್ಕೆ ಡಾಕ್ಟರು ಐದು ದಿನದ ಮಾತ್ರೆ ಬರೆದುಕೊಟ್ಟರೆ ಎರಡು ದಿನ ನುಂಗಿ, ಮೂರು ದಿನ ಬಿಟ್ಟು, ಮತ್ತೆ ಒಂದು ನುಂಗಿದರೆ ಏನಾಗುತ್ತದೆ? ದುಡ್ಡೂ ಹೋಯಿತು, ಜ್ವರವೂ ಇಳಿಯಲಿಲ್ಲ. ಆಗ ಮಾತ್ರೆಯದೇ ತಪ್ಪು ಎನ್ನುವುದು ಯಾವ ನ್ಯಾಯ?

ಬೇಡ ಎನ್ನುವವರ ಮಾತು

ಕೊಡುವುದು ಬೇಡ ಎನ್ನುವವರೆಲ್ಲಾ ಕಲ್ಲುಮನಸ್ಸಿನವರೆಂದು ತಿಳಿಯಬೇಡಿ. ಅವರ ಮಾತಿನಲ್ಲೂ ಹುರುಳಿದೆ. ನಮ್ಮ ದೇಶದಲ್ಲೇ ಔಷಧಿಗೆ, ಮನೆ ಬಾಡಿಗೆಗೆ ಜನ ಪರದಾಡುವಾಗ ಹೊರಗಿನವರಿಗೇಕೆ ಎನ್ನುತ್ತಾರೆ ಅಮೆರಿಕದ ಕೆಲವರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ನಮ್ಮಲ್ಲೂ ಉಂಟಲ್ಲ. ರಷ್ಯದ ಬಳಿ ಅಣುಬಾಂಬುಗಳಿವೆ, ಕೆಣಕಿದರೆ ಊರೇ ಉರಿದೀತು ಎಂಬ ಭಯ ಇನ್ನೊಂದು. ಶಸ್ತ್ರ ಬಂದಷ್ಟೂ ಸಾವು ಹೆಚ್ಚುತ್ತದೆ, ನಿಲ್ಲಿಸಿದರೆ ಸಂಧಿಗಾದರೂ ಬಂದಾರು ಎಂಬುದು ಮೂರನೆಯದು.

ಮೂರನೆಯ ಮಾತನ್ನು ಸ್ವಲ್ಪ ಪರೀಕ್ಷಿಸೋಣ. 2025ರ ಫೆಬ್ರವರಿ 28ರಂದು ಅಧ್ಯಕ್ಷ ಟ್ರಂಪ್ ಅವರಿಗೂ ಉಕ್ರೇನಿನ ಅಧ್ಯಕ್ಷ ಜೆಲೆನ್‌ಸ್ಕಿಯವರಿಗೂ ಕ್ಯಾಮೆರಾಗಳ ಮುಂದೆಯೇ ವಾಗ್ವಾದವಾಯಿತು. ಕೆಲವೇ ದಿನಗಳಲ್ಲಿ ಅಮೆರಿಕ ಶಸ್ತ್ರವನ್ನೂ ಗುಪ್ತ ಮಾಹಿತಿಯನ್ನೂ ತಡೆಹಿಡಿಯಿತು. ಮಾರ್ಚ್ 11ರಂದು ಮತ್ತೆ ಬಿಟ್ಟಿತು. ಆ ವಾರ ರಷ್ಯದ ದಾಳಿ ನಿಂತಿತೇ? ಇಲ್ಲ. ಹೊಡೆಯುವವನ ಕೈ ಹಿಡಿಯದೆ ಹೊಡೆಸಿಕೊಳ್ಳುವವನ ಕೋಲು ಕಿತ್ತುಕೊಂಡರೆ ಜಗಳ ನಿಲ್ಲುವುದಿಲ್ಲ.

ಎರಡನೆಯದಕ್ಕೂ ಒಂದು ಉತ್ತರವಿದೆ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿದ್ದ ಅಣ್ವಸ್ತ್ರಗಳ ಸಂಖ್ಯೆ ಲೋಕದಲ್ಲೇ ಮೂರನೆಯದು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ಅವೆಲ್ಲವನ್ನೂ ಬಿಟ್ಟುಕೊಡಲು ಒಪ್ಪಿಕೊಂಡಿತು. ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು ಬರೆದುಕೊಟ್ಟವರು ಅಮೆರಿಕ, ಬ್ರಿಟನ್ ಮತ್ತು ಖುದ್ದು ರಷ್ಯ. ತಾಳಿ ಅಡವಿಟ್ಟವಳಿಗೆ ಕೊಟ್ಟ ಚೀಟಿಗೆ ಬೆಲೆಯಿಲ್ಲ ಅಂತಾದರೆ ನಾಳೆ ಯಾವ ಹೆಂಗಸು ಒಡವೆ ಬಿಚ್ಚಿಕೊಡುತ್ತಾಳೆ? ಅಣುಬಾಂಬಿದ್ದವನಿಗೆ ಮಾತ್ರ ಉಳಿಗಾಲ ಎಂಬ ಪಾಠ ಲೋಕಕ್ಕೆ ಹೋದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ.

ಮೊದಲನೆಯ ಮಾತು ಮಾತ್ರ ಗಟ್ಟಿ. ಬಿಸಿ ಎಲ್ಲರಿಗೂ ತಟ್ಟುತ್ತದೆ. 2025ರ ಜೂನಿನಲ್ಲಿ ಹೇಗ್ ನಗರದಲ್ಲಿ ಸೇರಿದ ನ್ಯಾಟೋ ದೇಶಗಳು 2035ರ ಹೊತ್ತಿಗೆ ದೇಶದ ಉತ್ಪನ್ನದಲ್ಲಿ ನೂರಕ್ಕೆ ಐದು ಪಾಲನ್ನು ರಕ್ಷಣೆಗೆ, ಅದಕ್ಕೆ ಸಂಬಂಧಿಸಿದ ಕೆಲಸಗಳಿಗೆ ತೆಗೆದಿಡಲು ಒಪ್ಪಿದವು. ಆ ದುಡ್ಡು ಬರುವುದು ಜನರ ತೆರಿಗೆಯಿಂದಲೇ. ಆದ್ದರಿಂದ ಲೆಕ್ಕ ಕೇಳುವ ಹಕ್ಕು ಅಲ್ಲಿನ ಗೃಹಿಣಿಗೆ ಇದ್ದೇ ಇದೆ, ಕೇಳಲೇಬೇಕು.

ಕೊಡುವವನ ಕೈಯಲ್ಲೊಂದು ಹಗ್ಗ

ಪಡೆಯುವವರಿಗೂ ಎಚ್ಚರ ಬೇಕು. ಇದು ನಮ್ಮ ಅತ್ತೆಯಂದಿರಿಗೆ ಚೆನ್ನಾಗಿ ಗೊತ್ತು. 1965-66ರಲ್ಲಿ ಸಾಲಾಗಿ ಮಳೆ ಕೈಕೊಟ್ಟಾಗ ಪಿ.ಎಲ್.-480 ಯೋಜನೆಯ ಅಮೆರಿಕನ್ ಗೋಧಿ ತಿಂದು ದೇಶ ಉಸಿರು ಹಿಡಿಯಿತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಹಿಡಿಸದೆ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗನ್ನು ತಿಂಗಳು ತಿಂಗಳು ಅಳೆದು ಬಿಡುತ್ತಿದ್ದರು. ಹಸಿರು ಕ್ರಾಂತಿಗೆ ನಾವು ಅಷ್ಟು ಬೇಗ ಕೈಹಾಕಿದ್ದಕ್ಕೆ ಆ ಅವಮಾನವೂ ಒಂದು ಕಾರಣ. ಉಕ್ರೇನಿಗೂ ಹಾಗೇ ಆಯಿತು. 2025ರ ಏಪ್ರಿಲ್ 30ರಂದು ತನ್ನ ನೆಲದ ಖನಿಜಗಳ ವಿಷಯದಲ್ಲಿ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು. ಜುಲೈನಲ್ಲಿ ಹೊಸ ಏರ್ಪಾಡೊಂದು ಪ್ರಕಟವಾಯಿತು, ಶಸ್ತ್ರ ಅಮೆರಿಕದ್ದು, ಆದರೆ ಅದರ ಬೆಲೆ ತೆರುವವರು ಹೆಚ್ಚಾಗಿ ಯುರೋಪಿನವರು. ಹೀಗಾಗಿಯೇ ಉಕ್ರೇನಿನವರು ಡ್ರೋನುಗಳನ್ನು ತಮ್ಮಲ್ಲೇ ಲಕ್ಷಗಟ್ಟಲೆ ತಯಾರಿಸಲು ಕಲಿತರು.

ಅಲ್ಲಿಯ ಅಕ್ಕತಂಗಿಯರು

ಬಲ ಅಂದರೆ ಸೇನಾಪತಿಗಳ ನಕ್ಷೆ ಮಾತ್ರವೇ? ಉಕ್ರೇನಿನ ಊರೂರುಗಳಲ್ಲಿ ಶಾಲೆ, ಗ್ರಂಥಾಲಯಗಳಲ್ಲಿ ಹೆಂಗಸರು ಸೇರಿ ಹಳೆ ಬಟ್ಟೆಯ ಪಟ್ಟಿಗಳನ್ನು ಬಲೆಗೆ ಹೆಣೆದು, ಶತ್ರುವಿನ ಕಣ್ಣಿಗೆ ಕಾಣದಂತೆ ಹೊದಿಸುವ ಪರದೆ ಮಾಡಿದರು. ಖಾಲಿ ಡಬ್ಬಿಯಲ್ಲಿ ರಟ್ಟಿನ ಸುರುಳಿಯಿಟ್ಟು, ಉಳಿದ ಮೇಣದಬತ್ತಿಗಳನ್ನು ಕರಗಿಸಿ ಸುರಿದು ದೀಪ ಮಾಡಿ ಕಂದಕಗಳಿಗೆ ಕಳಿಸಿದರು. ಗಂಟೆಗಟ್ಟಲೆ ಉರಿಯುವ ಆ ಡಬ್ಬಿಯ ಮೇಲೆ ಚಳಿಯಲ್ಲಿ ಕೂತವನು ಊಟ ಬಿಸಿಮಾಡಿಕೊಳ್ಳಬಹುದು, ಕೈ ಕಾಯಿಸಿಕೊಳ್ಳಬಹುದು. ಬಂದೂಕು ಹಿಡಿದು ನಿಂತ ಹೆಣ್ಣುಮಕ್ಕಳೂ ಸಾವಿರಾರು.

ರಷ್ಯದ ಹೆಂಗಸರ ಕಣ್ಣೀರೂ ನೀರಲ್ಲ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ 3 ಲಕ್ಷ ಜನರನ್ನು ಯುದ್ಧಕ್ಕೆ ಕರೆಯಿತು. ಒಂದು ವರ್ಷ ಕಳೆದರೂ ಗಂಡಂದಿರು ಮರಳದಾಗ ಕೆಲವು ಹೆಂಡಂದಿರು ಬಿಳಿ ವಸ್ತ್ರ ತಲೆಗೆ ಕಟ್ಟಿ, ಮಾಸ್ಕೋದ ಅಜ್ಞಾತ ಯೋಧನ ಸಮಾಧಿಗೆ ಹೂವಿಟ್ಟು ನಮ್ಮವರನ್ನು ಮನೆಗೆ ಕಳಿಸಿ ಎಂದರು. 2024ರಲ್ಲಿ ಅವರ ಗುಂಪಿಗೆ 'ವಿದೇಶಿ ಏಜೆಂಟರು' ಎಂಬ ಹಣೆಪಟ್ಟಿ ಅಂಟಿಸಲಾಯಿತು. ಕೇಳಿದ್ದು ಗಂಡನನ್ನು, ಸಿಕ್ಕಿದ್ದು ಬಿರುದು!

ಇನ್ನು ನೀವೇ ಕೇಳಿ

ಇನ್ನೊಮ್ಮೆ ಮನೆಯಲ್ಲಿ ಈ ಚರ್ಚೆ ಎದ್ದರೆ ಸುಮ್ಮನೆ ಮಜ್ಜಿಗೆ ಬಡಿಸಿ ಬರಬೇಡಿ. ನಾಲ್ಕು ಪ್ರಶ್ನೆ ಕೇಳಿ:

1. ಇಷ್ಟು ಕೋಟಿ ಕೊಟ್ಟರು ಎಂದರೆ, ಕೊಟ್ಟದ್ದು ದಾನವೋ, ಸಾಲವೋ, ಸಾಮಾನೋ?

2. ಮಾತು ಕೊಟ್ಟದ್ದೆಷ್ಟು, ಕೈಸೇರಿದ್ದೆಷ್ಟು, ಸೇರಿದ್ದು ಯಾವಾಗ?

3. ಇಷ್ಟು ಟ್ಯಾಂಕಿದೆ ಎಂದರೆ, ಅದಕ್ಕೆ ಎಣ್ಣೆ, ಗುಂಡು, ಓಡಿಸುವ ಜನ ಎಷ್ಟು ದಿನಕ್ಕಿದೆ?

4. ನೆರವು ನಿಲ್ಲಿಸಿ ಎನ್ನುವವರು, ನಿಂತ ಮರುದಿನ ಏನಾಗುತ್ತದೆಂದು ಹೇಳಬಲ್ಲರೇ? ಕೊಡುತ್ತಲೇ ಇರಿ ಎನ್ನುವವರು, ಎಲ್ಲಿಯವರೆಗೆ ಎಂದು ಹೇಳಬಲ್ಲರೇ?

ಕೊನೆಯ ಪ್ರಶ್ನೆಗೆ ಎರಡೂ ಕಡೆಯವರು ತಲೆ ಕೆರೆದುಕೊಳ್ಳುವುದು ನಿಶ್ಚಯ. ಕೆರೆದುಕೊಳ್ಳಲಿ ಬಿಡಿ, ಅಷ್ಟಾದರೂ ಯೋಚನೆ ಹುಟ್ಟೀತು.

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇಷ್ಟು. ಏರಿಬಂದವನೆದುರು ತನ್ನ ಮನೆ ಕಾಯುವವನಿಗೆ ಕೈಕೊಡುವುದು ತುಪ್ಪ ಸುರಿಯುವುದಲ್ಲ. ಆದರೆ ಕೊಡುವುದಿದ್ದರೆ ಹೊತ್ತಿಗೆ ಸರಿಯಾಗಿ, ಹೇಳಿದಷ್ಟನ್ನು, ಹೇಳಿದಂತೆ ಕೊಡಬೇಕು. ಅದಾಗದಿದ್ದರೆ ಮೊದಲೇ ಆಗದು ಎಂದು ಹೇಳಿಬಿಡಬೇಕು. ಕೊಡುತ್ತೇನೆ ಎಂದವನ ಮಾತು ನಂಬಿ ಕಂದಕದಲ್ಲಿ ಕೂತವನು ಯಾರೋ ತಾಯಿಯ ಮಗ. ಅವನಿಗೆ ಅರ್ಧ ನೆರವಿಗಿಂತ ಪೂರ್ತಿ ಸತ್ಯವೇ ಮೇಲು.